ಕರೆಂಟ್ ಜಾಸ್ತಿ ಇತ್ತು ಅನ್ನೋ ಕುಂಟುನೆಪ

"ಕರೆಂಟ್ ಜಾಸ್ತಿ ಇತ್ತು, ಅದಕ್ಕೇ ಸೇಫ್ಟಿ ಸ್ಟಾಪ್ ಬಿಟ್ಟು ಮೇಲೆ ಬಂದ್ವಿ." ಸ್ಕೂಬಾ ಡೈವಿಂಗ್ ಮಾಡೋರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ನಮ್ಮ ಕೊಲ್ಹಾರದಲ್ಲಿ ಹೀಗಂದ್ರೆ ಜನ ಮೊದಲು ನಗ್ತಾರೆ. ಯಾಕಂದ್ರೆ ಅಲ್ಲಿ ಕರೆಂಟ್ ಜಾಸ್ತಿ ಆಗಿದ್ದು ಯಾರೂ ಕಂಡಿಲ್ಲ, ಹೋಗಿದ್ದನ್ನಷ್ಟೇ ಕಂಡಿದ್ದಾರೆ :-) ನಾನು ಹೇಳ್ತಿರೋದು ನೀರಿನ ಕರೆಂಟು. ನಮ್ಮ ಕಡೆ ಅದಕ್ಕೆ ಸೆಳವು ಅಂತಾರೆ.

ಈ ಮಾತು ಕೇಳಿದಾಗಲೆಲ್ಲ ನನಗೆ ನಮ್ಮ ಸಾಫ್ಟ್‌ವೇರ್ ಕಂಪನಿಗಳ ಇನ್ನೊಂದು ಮಾತು ನೆನಪಾಗುತ್ತೆ. "ಡೆಡ್‌ಲೈನ್ ಹತ್ರ ಇತ್ತು, ಅದಕ್ಕೇ ಟೆಸ್ಟಿಂಗ್ ಬಿಟ್ವಿ." ಎರಡೂ ಒಂದೇ ಜಾತಿಯ ನೆಪ. ಡೆಡ್‌ಲೈನ್ ಮೊದಲ ದಿನದಿಂದಲೂ ಗೊತ್ತಿತ್ತಲ್ವಾ? ಸಮುದ್ರದಲ್ಲಿ ಸೆಳವು ಇರುತ್ತೆ ಅನ್ನೋದೂ ದೋಣಿ ಹತ್ತೋ ಮುಂಚೆನೇ ಗೊತ್ತಿತ್ತಲ್ವಾ? ನನ್ನ ವಾದ ಇಷ್ಟೇ: ಸೆಳವಿನಲ್ಲಿ ಸೇಫ್ಟಿ ಸ್ಟಾಪ್ ಆಗುತ್ತೋ ಇಲ್ಲವೋ ಅನ್ನೋದು ನೀರೊಳಗೆ ಐದು ಮೀಟರ್ ಆಳದಲ್ಲಿ ತೀರ್ಮಾನ ಆಗೋದಲ್ಲ. ಅದು ದೋಣಿ ಮೇಲೇ ತೀರ್ಮಾನ ಆಗಿರುತ್ತೆ. ದೋಣಿ ಮೇಲೆ ಮಾಡಬೇಕಾದ ಕೆಲಸ ಬಿಟ್ಟವರು ಆಮೇಲೆ ಸಮುದ್ರದ ಮೇಲೆ ತಪ್ಪು ಹೊರಿಸ್ತಾರೆ.

ಡೈವಿಂಗ್ ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ಹಿನ್ನೆಲೆ. ನೀರೊಳಗೆ ಪ್ರತಿ 10 ಮೀಟರ್ ಇಳಿದ ಹಾಗೆ ಒತ್ತಡ ಒಂದೊಂದು ವಾಯುಮಂಡಲದಷ್ಟು ಏರುತ್ತೆ. ಆ ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿರೋ ನೈಟ್ರೋಜನ್ ನಮ್ಮ ರಕ್ತ, ಮಾಂಸಖಂಡ, ಕೊಬ್ಬುಗಳಲ್ಲೆಲ್ಲ ಕರಗುತ್ತೆ. ನಿಧಾನವಾಗಿ ಮೇಲೆ ಬಂದರೆ ಶ್ವಾಸಕೋಶದ ಮೂಲಕ ಬಂದ ದಾರಿಯಲ್ಲೇ ಹೋಗುತ್ತೆ. ದಬಕ್ಕನೆ ಮೇಲೆ ಬಂದರೆ ಸೋಡಾ ಬಾಟಲಿ ಮುಚ್ಚಳ ತೆಗೆದಂಗೆ, ಮೈಯೊಳಗೇ ಗುಳ್ಳೆ ಏಳುತ್ತೆ. ಕೀಲುನೋವು, ಜೋಮು, ತಲೆಸುತ್ತು, ಕೆಟ್ಟ ಕೇಸುಗಳಲ್ಲಿ ಪಾರ್ಶ್ವವಾಯು, ಸಾವು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ ಕಟ್ಟುವಾಗ ನದಿತಳದಲ್ಲಿ ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಯೊಳಗೆ ದುಡಿದ ಕೂಲಿಗಳಿಗೆ ಬಂದದ್ದು ಇದೇ ಕಾಯಿಲೆ. 1872ರಲ್ಲಿ ಅದರ ಚೀಫ್ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಕೂಡ ಇದಕ್ಕೆ ತುತ್ತಾದ. 1883ರಲ್ಲಿ ಸೇತುವೆ ಉದ್ಘಾಟನೆ ಆಗೋವರೆಗೂ ಆತ ಮನೆಯಿಂದಲೇ, ಹೆಂಡತಿ ಎಮಿಲಿ ಮೂಲಕ, ಕೆಲಸ ನಡೆಸಿದ. ಆಮೇಲೆ ಬ್ರಿಟನ್ನಿನ ಹಾಲ್ಡೇನ್ ಮತ್ತು ಜೊತೆಗಾರರು ಆಡುಗಳನ್ನ ಒತ್ತಡದ ಕೋಣೆಯಲ್ಲಿಟ್ಟು ಪ್ರಯೋಗ ಮಾಡಿ, ಹಂತಹಂತವಾಗಿ ನಿಂತು ಮೇಲೆ ಬರಬೇಕು ಅಂತ 1908ರಲ್ಲಿ ಪ್ರಕಟಿಸಿದರು. 1989ರಲ್ಲಿ ಅಮೆರಿಕದ ವುಡ್ಸ್ ಹೋಲ್‌ನಲ್ಲಿ ವೈಜ್ಞಾನಿಕ ಡೈವರ್‌ಗಳು ಸೇರಿ, ಎಲ್ಲ ಡೈವ್ ಕೊನೆಗೂ 3ರಿಂದ 9 ಮೀಟರ್ ನಡುವೆ ಎಲ್ಲಾದರೂ 3ರಿಂದ 5 ನಿಮಿಷ ನಿಲ್ಲಿ ಅಂದರು. ಇವತ್ತು ನಾವು "5 ಮೀಟರ್, 3 ನಿಮಿಷ" ಅಂತ ಮಗ್ಗಿ ತರಹ ಬಾಯಿಪಾಠ ಮಾಡಿರೋದು ಇದರ ಸಾರಾಂಶವನ್ನೇ.

ಈಗ ವಾದಕ್ಕೆ ಬರೋಣ. ನೆಪ ಹೇಳೋರ ಮೊದಲ ಅಸ್ತ್ರ: "ಅದು ಕಡ್ಡಾಯ ಅಲ್ಲ ಮಾರಾಯ, ಆಪ್ಷನಲ್ಲು." ನಿಜ, ಒಪ್ಪಿದೆ. ಡೈವ್ ಕಂಪ್ಯೂಟರ್ ತೋರಿಸೋ ಮಿತಿಯೊಳಗೇ ಇದ್ದರೆ ಸೇಫ್ಟಿ ಸ್ಟಾಪ್ ಇಲ್ಲದೇನೂ ನೇರ ಮೇಲೆ ಬರಬಹುದು ಅಂತಲೇ ಲೆಕ್ಕ. ಆದರೆ ಆ ಲೆಕ್ಕ ಎಲ್ಲರ ಮೈಗೂ ಒಂದೇ. ನೀವು ಹಿಂದಿನ ರಾತ್ರಿ ಬಸ್ಸಲ್ಲಿ ನಿದ್ದೆಗೆಟ್ಟು ಬಂದಿದ್ದು, ನೀರು ಕುಡಿಯದೇ ಬಿಸಿಲಲ್ಲಿ ಕೂತಿದ್ದು, ಸೆಳವಿಗೆ ಎದುರಾಗಿ ಅರ್ಧ ಗಂಟೆ ಕಾಲು ಬಡಿದಿದ್ದು, ಇದ್ಯಾವುದೂ ಕಂಪ್ಯೂಟರಿಗೆ ಗೊತ್ತಿಲ್ಲ. ಸೆಳವಿರೋ ದಿನ ಮೈ ಜಾಸ್ತಿ ದುಡಿಯುತ್ತೆ, ರಕ್ತ ಜೋರಾಗಿ ಓಡುತ್ತೆ, ಜಾಸ್ತಿ ನೈಟ್ರೋಜನ್ ಒಳಗೆ ಸೇರುತ್ತೆ. ಅಂದರೆ ಯಾವ ದಿನ ಆ ಮೂರು ನಿಮಿಷ ಹೆಚ್ಚು ಬೇಕೋ ಅದೇ ದಿನ ನೀವು ಅದನ್ನ ಬಿಡ್ತಿದ್ದೀರಿ! ಜೊತೆಗೆ ಇನ್ನೊಂದು ಲೆಕ್ಕ ನೋಡಿ. 30 ಮೀಟರಿನಿಂದ 25ಕ್ಕೆ ಬಂದರೆ ಒತ್ತಡ 4ರಿಂದ 3.5ಕ್ಕೆ ಇಳಿಯುತ್ತೆ, ಗಾಳಿ ಶೇ. 14ರಷ್ಟು ಹಿಗ್ಗುತ್ತೆ. ಕೊನೆಯ 5 ಮೀಟರಿನಿಂದ ಮೇಲಕ್ಕೆ ಬಂದರೆ ಒತ್ತಡ 1.5ರಿಂದ 1ಕ್ಕೆ ಇಳಿದು ಅದೇ ಗಾಳಿ ಶೇ. 50ರಷ್ಟು ಹಿಗ್ಗುತ್ತೆ. ಇಡೀ ಪ್ರಯಾಣದಲ್ಲಿ ಅತ್ಯಂತ ಕಡಿದಾದ ತಿರುವು ಊರಿನ ಅಗಸೆ ಬಾಗಿಲಲ್ಲೇ ಇದೆ. ಅಲ್ಲಿ ಬ್ರೇಕ್ ಹಾಕಿ ಅಂದರೆ "ಆಪ್ಷನಲ್" ಅಂತೀರಲ್ಲ.

ಎರಡನೇ ಅಸ್ತ್ರ: "ಸೆಳವಲ್ಲಿ ನಿಲ್ಲೋಕೇ ಆಗಲ್ಲ." ಎಲ್ಲರೂ ಎಡವೋದು ಇಲ್ಲೇ. ಇದನ್ನ ನನಗಿಂತ ಚೆನ್ನಾಗಿ ನಮ್ಮೂರ ಹಿರಿಯರು ಹೇಳಬಲ್ಲರು.

ಕೊಲ್ಹಾರ ಕೃಷ್ಣಾ ದಂಡೆಯ ಊರು. ಹಳೇ ಕೊಲ್ಹಾರ ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಿತು. ಈಗಿರೋದು ಮೇಲೆ ಬಂದು ಕಟ್ಟಿಕೊಂಡ ಊರು. ನಮ್ಮ ವಯಸ್ಸಿನವರು ಕಂಡಿರೋ ಹೊಳೆ ಅಂದರೆ ಸಮುದ್ರದಂಗೆ ನಿಂತ ನೀರು. ಹಿರಿಯರು ಕಂಡಿದ್ದು ಹರಿಯೋ ಹೊಳೆ. ಅವರನ್ನ ಕೇಳಿ ನೋಡಿ, ಹೊಳೆ ಈಸಿ ದಾಟೋದು ಹೆಂಗೆ ಅಂತ. "ಎದುರಿನ ದಂಡಿಗೆ ನೆಟ್ಟಗ ಈಸಬ್ಯಾಡ ತಮ್ಮಾ. ದಂಡಿಗುಂಟ ಮ್ಯಾಲಕ್ಕ ನಡದು ಹೋಗು, ಅಲ್ಲಿ ನೀರಿಗಿಳಿ. ಹೊಳಿ ತಾನ ಒಯ್ದು ಮುಟ್ಟಸ್ತದ." ಸೆಳವಿನ ಜೊತೆ ಗುದ್ದಾಡೋನು ಮುಳುಗ್ತಾನೆ, ಸೆಳವನ್ನ ಲೆಕ್ಕಕ್ಕೆ ಹಿಡಿದೋನು ದಾಟ್ತಾನೆ. ಫಿಸಿಕ್ಸ್ ಪುಸ್ತಕದ ಸಾಪೇಕ್ಷ ವೇಗದ ಪಾಠ ಪೂರ್ತಿ ಈ ಎರಡು ಸಾಲಲ್ಲಿದೆ.

ನೀರಿನ ನಡುವೆ ತೇಲ್ತಾ ಇರೋ ಡೈವರ್‌ಗೆ ಸೆಳವು ಗೊತ್ತೇ ಆಗೋದಿಲ್ಲ. ಓಡೋ ರೈಲಿನೊಳಗೆ ಕೂತು ಚಹಾ ಕುಡಿದ ಹಾಗೆ. ನೀರೂ ಹೋಗ್ತಿದೆ, ನೀವೂ ಹೋಗ್ತಿದ್ದೀರಿ, ಪಕ್ಕದಲ್ಲಿ ನಿಮ್ಮ ಜೊತೆಗಾರನೂ ಹೋಗ್ತಿದ್ದಾನೆ. ಸೆಳವು ಗೊತ್ತಾಗೋದು ಯಾವಾಗ? ನಿಂತ ವಸ್ತುವನ್ನ ಹಿಡಿದಾಗ. ಲಂಗರು ಹಾಕಿದ ದೋಣಿಯ ಹಗ್ಗ ಹಿಡಿದು ಐದು ಮೀಟರಲ್ಲಿ ನೇತಾಡಿದರೆ ಕಂಬಕ್ಕೆ ಕಟ್ಟಿದ ಬಾವುಟದ ಥರ ಪಟಪಟ ಹೊಡೆದುಕೊಳ್ತೀರಿ. ಸೆಳವಿನ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಮಾಸ್ಕ್ ಅದುರುತ್ತೆ, ಕೈ ಸೋಲುತ್ತೆ, ಗಾಳಿ ಖರ್ಚಾಗುತ್ತೆ. ಅಲೆಗೆ ದೋಣಿ ಏರಿಳಿದರೆ ಹಗ್ಗದ ಜೊತೆ ನೀವೂ ಏರಿಳಿಯಬೇಕು. ಆಗ "ನಿಲ್ಲೋಕಾಗಲ್ಲ" ಅನಿಸೋದು ಸಹಜ. ಆದರೆ ಅಲ್ಲಿ ಕಷ್ಟ ಕೊಡ್ತಿರೋದು ಸೆಳವಲ್ಲ, ಹಗ್ಗ. ಹಗ್ಗ ಬಿಟ್ಟರೆ ಆ ಮೂರು ನಿಮಿಷ ತೊಟ್ಟಿಲಲ್ಲಿ ಮಲಗಿದಂಗೆ ಕಳೆಯುತ್ತೆ.

"ಹಗ್ಗ ಬಿಟ್ಟರೆ ದೋಣಿಯಿಂದ ದೂರ ಹೋಗಿಬಿಡ್ತೀವಲ್ಲ?" ಅಂತೀರಿ. ಹ್ಞಾಂ, ಈಗ ಸರಿಯಾದ ಪ್ರಶ್ನೆಗೆ ಬಂದಿರಿ! ಎಷ್ಟು ದೂರ? ಒಂದು ನಾಟ್ ಸೆಳವು ಅಂದರೆ ಗಂಟೆಗೆ 1.85 ಕಿ.ಮೀ., ನಾವು ನಡೆಯೋ ವೇಗದ ಅರ್ಧಕ್ಕಿಂತ ಕಡಿಮೆ. ಕೇಳೋಕೆ ಏನೂ ಅಲ್ಲ. ಆದರೆ ಅದು ನಿಮಿಷಕ್ಕೆ ಸುಮಾರು 31 ಮೀಟರ್. 18 ಮೀಟರ್ ಆಳದಿಂದ ನಿಮಿಷಕ್ಕೆ 9 ಮೀಟರಿನಂತೆ 5 ಮೀಟರಿಗೆ ಬರೋಕೆ ಒಂದೂವರೆ ನಿಮಿಷ, ಸ್ಟಾಪ್ ಮೂರು ನಿಮಿಷ, ಕೊನೆಯ ಐದು ಮೀಟರ್ ನಿಧಾನಕ್ಕೆ ಒಂದು ನಿಮಿಷ. ಒಟ್ಟು ಐದೂವರೆ ನಿಮಿಷ, 170 ಮೀಟರ್. ಎರಡು ನಾಟ್ ಇದ್ದರೆ 340 ಮೀಟರ್. ಅಷ್ಟು ದೂರದಲ್ಲಿ ಅಲೆಗಳ ನಡುವೆ ಒಂದು ಕಪ್ಪು ತಲೆ ದೋಣಿಯವನ ಕಣ್ಣಿಗೆ ಬೀಳುತ್ತಾ? ತೆಂಗಿನಕಾಯಿ ತೇಲಿದಂಗೆ ಕಾಣುತ್ತೆ, ಅದೂ ಅದೃಷ್ಟ ಇದ್ದರೆ.

ಇದು ಬರೀ ಲೆಕ್ಕದ ಮಾತಲ್ಲ. 2014ರ ಫೆಬ್ರವರಿಯಲ್ಲಿ ಬಾಲಿ ಹತ್ತಿರ ಏಳು ಮಂದಿ ಜಪಾನಿ ಮಹಿಳಾ ಡೈವರ್‌ಗಳು ಹೀಗೇ ದೋಣಿಯ ಕಣ್ತಪ್ಪಿ ಸೆಳವಿನಲ್ಲಿ ಹೋದರು. ಮೂರು ದಿನದ ನಂತರ ಬದುಕಿ ಸಿಕ್ಕಿದ್ದು ಐವರು. ಅವರಲ್ಲಿ ಅನುಭವಿಗಳೂ ಇದ್ದರು.

ಹಾಗಾದರೆ ಏನು ಮಾಡಬೇಕು? ದಾರಿ ಮೂರಿವೆ, ಮೂರೂ ಹೊಸದಲ್ಲ. ಒಂದು, ದೋಣಿ ಲಂಗರು ಹಾಕಿ ನಿಂತಿದ್ದರೆ ಡೈವ್ ಶುರುವಿನಲ್ಲೇ ಸೆಳವಿಗೆ ಎದುರಾಗಿ ಹೋಗಿ, ವಾಪಸು ಬರುವಾಗ ಸೆಳವಿನ ಜೊತೆ ಬಂದು ಹಗ್ಗ ಹಿಡಿಯಿರಿ. ಎಲ್ಲರೂ ಒಂದೇ ಕಡೆ ಗುಂಪುಗೂಡಬೇಡಿ. ಸೆಳವು ಹಗುರ ಇದ್ದಾಗ ಮಾತ್ರ ಇದು ಚೆಂದ. ಎರಡು, ಬಂಡೆ ಐದಾರು ಮೀಟರ್ ಆಳದವರೆಗೂ ಎದ್ದು ನಿಂತಿದ್ದರೆ ಅದರ ಮರೆಯಲ್ಲಿ, ಸೆಳವು ತಾಗದ ಕಡೆ, ಡೈವಿನ ಕೊನೆಯ ನಿಮಿಷಗಳನ್ನ ಕಳೆಯಿರಿ. ಸ್ಟಾಪ್ ತಾನಾಗೇ ಆಗುತ್ತೆ, ಜೊತೆಗೆ ಮೀನೂ ನೋಡಿದಂಗಾಯ್ತು. ಮೂರು, ಸೆಳವು ಜೋರಿದ್ದರೆ ತೇಲ್ತಾ ಸ್ಟಾಪ್ ಮಾಡಿ. ಅದಕ್ಕೆ ಬೇಕಾಗಿದ್ದು ಎರಡೇ: ಒಂದು ಎಸ್‌ಎಂಬಿ, ಇನ್ನೊಂದು ಹಿಂದೆ ಬರೋ ದೋಣಿ.

ಎಸ್‌ಎಂಬಿ ಅಂದರೆ ಕಿತ್ತಳೆ ಬಣ್ಣದ, ಆಳೆತ್ತರದ ಒಂದು ಚೀಲ. ನೀರೊಳಗಿಂದಲೇ ಅದಕ್ಕೆ ಸ್ವಲ್ಪ ಗಾಳಿ ತುಂಬಿ ದಾರ ಕಟ್ಟಿ ಬಿಟ್ಟರೆ ಮೇಲೆ ಹೋಗಿ ನೆಟ್ಟಗೆ ನಿಲ್ಲುತ್ತೆ. ನಮ್ಮ ಕಡೆ ಈಸು ಕಲಿಯೋ ಹುಡುಗರ ಬೆನ್ನಿಗೆ ಈಸುಗುಂಬಳ ಕಟ್ಟುತ್ತಿದ್ದರಲ್ಲ, ಅದರ ದೂರದ ಸಂಬಂಧಿ ಅಂದುಕೊಳ್ಳಿ. ದೋಣಿಯವನು ಅದನ್ನ ನೋಡಿಕೊಂಡು ಹಿಂದೆ ಬರ್ತಾನೆ. ನಿಮಗೂ ಕೈಯಲ್ಲಿ ಒಂದು ದಾರ ಇರೋದ್ರಿಂದ ಆಳ ಕಾಯ್ದುಕೊಳ್ಳೋದು ಸುಲಭ. ಇದನ್ನ ಐದು ಮೀಟರಿಗೆ ಬಂದ ಮೇಲೆ ಗಡಿಬಿಡಿಯಲ್ಲಿ ಬಿಡಬಾರದು, ಹತ್ತು ಮೀಟರಿನ ಆಸುಪಾಸಲ್ಲೇ ಬಿಡಬೇಕು. ದಾರದ ಸುರುಳಿಯನ್ನ ಮೈಗೆ ಸಿಕ್ಕಿಸಿಕೊಳ್ಳಬಾರದು, ಸಿಕ್ಕಿಬಿದ್ದರೆ ಕೈಬಿಡೋಕೆ ಬರಬೇಕು. ಉಸಿರು ಬಿಗಿಹಿಡಿಯಬಾರದು. ಇಷ್ಟು ಕಲಿಯೋಕೆ ಈಜುಕೊಳದಲ್ಲಿ ಎರಡು ಸಂಜೆ ಸಾಕು. ಆದರೆ ನಮ್ಮ ಜನ ನೀರೊಳಗಿನ ವಿಡಿಯೋಗೆ ಕ್ಯಾಮೆರಾ ತಗೊಳ್ತಾರೆ, ಅದಕ್ಕೆ ಬಣ್ಣದ ಫಿಲ್ಟರ್ ತಗೊಳ್ತಾರೆ, ಅದರ ಬೆಲೆಯ ಒಂದು ಸಣ್ಣ ಪಾಲಿಗೆ ಬರೋ ಈ ಚೀಲ ಮಾತ್ರ "ಅದೆಲ್ಲ ಎಕ್ಸ್‌ಪರ್ಟ್‌ಗಳಿಗೆ" ಅಂತಾರೆ!

ಮೂರನೇ ನೆಪ, "ಗಾಳಿ ಉಳಿದಿರಲಿಲ್ಲ." ಇದನ್ನೂ ಲೆಕ್ಕ ಹಾಕೋಣ. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡೋನು ಐದು ಮೀಟರಲ್ಲಿ 30 ಲೀಟರ್ ಖರ್ಚು ಮಾಡ್ತಾನೆ. ಮೂರು ನಿಮಿಷಕ್ಕೆ 90 ಲೀಟರ್. ಸಾಮಾನ್ಯ ಅಲ್ಯುಮಿನಿಯಂ ಸಿಲಿಂಡರ್ 11 ಲೀಟರಿನದು, ಅಂದರೆ ಖರ್ಚಾಗೋದು ಬರೀ 8 ಬಾರ್. 200 ಬಾರ್ ತುಂಬಿಸಿಕೊಂಡು ಇಳಿದೋನಿಗೆ ಕೊನೆಗೆ 8 ಬಾರ್ ಇರಲಿಲ್ಲ ಅಂದರೆ ಅದು ಸೆಳವಿನ ತಪ್ಪಲ್ಲ, ಗೇಜ್ ನೋಡದವನ ತಪ್ಪು.

ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ, ಇಲ್ಲಾಂದ್ರೆ ಯಾರೋ ತಪ್ಪು ತಿಳೀತಾರೆ. ಮಿತಿಯೊಳಗಿನ ಡೈವ್ ಆಗಿದ್ದು, ನಿಜವಾಗಲೂ ಗಾಳಿ ಮುಗಿಯುತ್ತಿದ್ದರೆ, ಜೊತೆಗಾರನಿಗೆ ಏನೋ ಆಗಿದ್ದರೆ, ಸೆಳವು ನಿಮ್ಮನ್ನ ಕೆಳಕ್ಕೆ ಎಳೀತಿದ್ದರೆ, ಹಡಗು ಓಡಾಡೋ ದಾರಿಗೋ ಅಲೆ ಬಡಿಯೋ ಬಂಡೆ ಕಡೆಗೋ ಒಯ್ಯುತ್ತಿದ್ದರೆ, ಸ್ಟಾಪ್ ಬಿಟ್ಟು ನಿಧಾನಕ್ಕೆ ಮೇಲೆ ಬನ್ನಿ. ಗುಳ್ಳೆಗೆ ಚಿಕಿತ್ಸೆ ಇದೆ, ಮುಳುಗಿ ಸತ್ತರೆ ಇಲ್ಲ. ಕಂಪ್ಯೂಟರ್ ಕಡ್ಡಾಯ ಸ್ಟಾಪ್ ತೋರಿಸ್ತಿದ್ದರೆ ಮಾತೇ ಬೇರೆ, ಆ ಸ್ಥಿತಿಗೆ ಸೆಳವಿರೋ ದಿನ ಹೋಗಲೇಬಾರದು. ನನ್ನ ಜಗಳ ಈ ತುರ್ತಿನ ಮೇಲಲ್ಲ. ಪ್ರತಿ ಡೈವನ್ನೂ ತುರ್ತು ಮಾಡಿಕೊಂಡು ಅದಕ್ಕೆ "ಅನುಭವ" ಅಂತ ಹೆಸರಿಡೋದರ ಮೇಲೆ.

ನಮ್ಮ ನಾಡಿನಲ್ಲಿ ಡೈವಿಂಗ್ ಅಂದರೆ ನೇತ್ರಾಣಿ. ಮುರುಡೇಶ್ವರದಿಂದ ದೋಣಿಯಲ್ಲಿ ಒಂದು ಗಂಟೆಗೂ ಮೇಲಿನ ದಾರಿ, ಅರಬ್ಬೀ ಸಮುದ್ರದ ನಡುವೆ ಒಂದು ಗುಡ್ಡ. ಮಳೆಗಾಲ ಬಿಟ್ಟು ಅಕ್ಟೋಬರಿನಿಂದ ಮೇವರೆಗೆ ಸೀಸನ್ನು. 2022ರಲ್ಲಿ ಬಂದ "ಗಂಧದ ಗುಡಿ"ಯಲ್ಲಿ ಅಪ್ಪು ಅಲ್ಲಿ ನೀರಿಗಿಳಿದಿದ್ದನ್ನ ನೋಡಿದ ಮೇಲೆ ನಮ್ಮ ಆಫೀಸಿನಲ್ಲೇ ಎಷ್ಟೋ ಜನ "ನಾವೂ ಹೋಗೋಣ" ಅಂದರು. ಹೋಗಲಿ, ಹೋಗಲೇಬೇಕು, ನಮ್ಮ ಸಮುದ್ರ ನಾವು ನೋಡದೇ ಇನ್ಯಾರು ನೋಡಬೇಕು? ಮೊದಲ ಸಲ ಹೋದವರನ್ನ ಕೈ ಹಿಡಿದು ಕಡಿಮೆ ಆಳದಲ್ಲಿ ಇನ್‌ಸ್ಟ್ರಕ್ಟರ್ ಸುತ್ತಾಡಿಸ್ತಾರೆ, ಅವರ ವಿಷಯ ಬಿಡಿ. ನಾನು ಹೇಳ್ತಿರೋದು ಕಾರ್ಡ್ ಪಡೆದು, ದ್ವೀಪದ ಮೂಲೆಗಳಿಗೆ, ಆಳಕ್ಕೆ ಹೋಗೋರ ಬಗ್ಗೆ. ಯಾವ ದ್ವೀಪವಾದರೂ ಅಷ್ಟೇ, ಮೂಲೆ ತಿರುಗೋ ಕಡೆ ನೀರು ಜೋರಾಗುತ್ತೆ. ಅಮಾವಾಸ್ಯೆ ಹುಣ್ಣಿಮೆ ಹತ್ತಿರ ಭರತ ಇಳಿತ ದೊಡ್ಡದಾಗಿ ಸೆಳವೂ ಹೆಚ್ಚೋದು ಸಾಮಾನ್ಯ. ಇದಕ್ಕೆ ಆ್ಯಪ್ ಬೇಡ, ಗೋಡೆ ಮೇಲಿನ ಕ್ಯಾಲೆಂಡರ್ ಸಾಕು. ಆದರೆ ಟ್ರಿಪ್ ಗೊತ್ತು ಮಾಡೋ ನಾವು ಕ್ಯಾಲೆಂಡರಿನಲ್ಲಿ ನೋಡೋದು ಲಾಂಗ್ ವೀಕೆಂಡ್ ಒಂದನ್ನೇ!

ಇನ್ನು ಘಟ್ಟದ ವಿಷಯ. ಭಾನುವಾರ ಮಧ್ಯಾಹ್ನ ಎರಡನೇ ಡೈವ್ ಮುಗಿಸಿ ರಾತ್ರಿ ಬಸ್ಸು ಹತ್ತಿ ಘಟ್ಟ ಏರಿದರೆ ಬೆಂಗಳೂರು, ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ನಮ್ಮ ಕಡೆ ಹೋಗೋರು ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿ ದಾಟಬೇಕು, ಅದೂ 600 ಮೀಟರಿಗಿಂತ ಮೇಲೆ. ಡೈವ್ ನಂತರ ವಿಮಾನ ಹತ್ತೋಕೆ 2002ರಲ್ಲಿ ಮಾಡಿದ ಸಲಹೆ ಪ್ರಕಾರ ಒಂದಕ್ಕಿಂತ ಹೆಚ್ಚು ಡೈವ್ ಮಾಡಿದ್ದರೆ 18 ಗಂಟೆ ಕಾಯಬೇಕು. ಆ ಸಲಹೆ ಅನ್ವಯಿಸೋದು ಸುಮಾರು 600 ಮೀಟರ್ ಎತ್ತರದಿಂದಲೇ. ಬಸ್ಸು ವಿಮಾನದಷ್ಟು ಮೇಲೆ ಹೋಗಲ್ಲ ನಿಜ, ಅಪಾಯ ಅಷ್ಟಿಲ್ಲ ನಿಜ. ಆದರೂ ಸ್ಟಾಪ್ ಬಿಟ್ಟು, ಆರೇ ಗಂಟೆಯಲ್ಲಿ ಘಟ್ಟ ಹತ್ತಿ, ಬೆಳಿಗ್ಗೆ ಮೊಣಕೈ ನೋವು ಬಂದರೆ "ಬ್ಯಾಗ್ ಭಾರ ಇತ್ತು" ಅಂತ ಮುಲಾಮು ಹಚ್ಚಿಕೊಳ್ಳೋರನ್ನ ಏನನ್ನಬೇಕು? ಗುಡ್ಡಗಾಡು ದಾಟಿ ಮನೆ ಸೇರಬೇಕಾದ ಕನ್ನಡ ಡೈವರ್‌ಗೆ ಆ ಮೂರು ನಿಮಿಷ ಮಾಲ್ಡೀವ್ಸ್ ರೆಸಾರ್ಟಿನಲ್ಲಿ ಮಲಗೋನಿಗಿಂತ ಜಾಸ್ತಿ ಮುಖ್ಯ.

ಕಳೆದ ಸೀಸನ್ನಲ್ಲಿ ನಮ್ಮ ದೇಶದ ಒಂದು ತೀರದಲ್ಲಿ (ಯಾವುದು ಅಂತ ಬೇಡ) ದೋಣಿ ಮೇಲೆ ನಾನು ಕೇಳಿದ ಪ್ರಶ್ನೆ ಒಂದೇ: "ನಾವು ದೂರ ಹೋದರೆ ದೋಣಿ ಹಿಂದೆ ಬರುತ್ತಾ?" ಗೈಡ್ ನಕ್ಕು, "ಸರ್, ಇಪ್ಪತ್ತು ಜನ ಕೆಳಗಿರ್ತಾರೆ, ಲಂಗರು ಎತ್ತೋಕಾಗಲ್ಲ. ಸೆಳವಿದ್ರೆ ಸ್ಟಾಪ್ ಮಾಡ್ಬೇಡಿ, ಸೀದಾ ಮೇಲೆ ಬನ್ನಿ" ಅಂದ. ಅವನ ಗುಂಪಿನಲ್ಲಿ ಯಾರ ಹತ್ತಿರವೂ ಎಸ್‌ಎಂಬಿ ಇರಲಿಲ್ಲ. ಆಮ್ಲಜನಕದ ಕಿಟ್ ಎಲ್ಲಿದೆ ಅಂದರೆ "ದಡದಲ್ಲಿದೆ" ಅಂದ. ನಾನು ನೀರಿಗಿಳಿಯಲಿಲ್ಲ. ದುಡ್ಡು ವಾಪಸ್ ಬರಲಿಲ್ಲ, "ಹೆದರುಪುಕ್ಕಲ" ಅನ್ನೋ ಬಿರುದು ಬಂತು. ಇರಲಿ. ಆ ಗೈಡ್ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹಾಗೆ ಹೇಳೋ ಧೈರ್ಯ ಬಂದಿದ್ದು ನಮ್ಮಿಂದ. ಟಿಕೆಟ್ ಎಷ್ಟು, ವಿಡಿಯೋ ಫ್ರೀನಾ, ಊಟ ಏನು ಅಂತ ಕೇಳೋ ನಾವು ಇದನ್ನ ಕೇಳೋದೇ ಇಲ್ಲ.

ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ ಅಂತಾರೆ ಗಾದೆಯಲ್ಲಿ. ಡೈವಿಂಗಿನಲ್ಲಿ ಲೆಕ್ಕ ಉಲ್ಟಾ. ನೀರಿಗೆ ಇಳಿಸೋಕೆ ಅಂಬಿಗ ಬೇಕಿಲ್ಲ, ಯಾರು ಬೇಕಾದರೂ ಧುಮುಕಬಹುದು. ಡೈವ್ ಮುಗಿದ ಮೇಲೇ ಅವನು ಬೇಕು. ಸೆಳವಿರೋ ಕಡೆ ಕರೆದೊಯ್ಯೋ ದೋಣಿ ಲಂಗರಿಗೆ ಕಟ್ಟಿಕೊಂಡು ನಿಂತಿದ್ದರೆ, ಹಿಂದೆ ಬರೋ ಇನ್ನೊಂದು ಸಣ್ಣ ದೋಣಿಯೂ ಇಲ್ಲದಿದ್ದರೆ, ಅದು ಅರ್ಧ ದೋಣಿ. ಅರ್ಧ ದುಡ್ಡು ಕೊಡಿ :-)

ಮುಂದಿನ ಸಲ ದೋಣಿ ಹತ್ತೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಇವತ್ತು ಸೆಳವು ಎತ್ತ ಕಡೆ, ಎಷ್ಟು? ನಾವು ತೇಲಿ ಹೋದರೆ ಎತ್ತಿಕೊಳ್ಳೋರು ಯಾರು? ಗುಂಪಿಗೊಂದಲ್ಲ, ಜೋಡಿಗೊಂದು ಎಸ್‌ಎಂಬಿ ಇದೆಯಾ? ಆಮ್ಲಜನಕ ದೋಣಿಯಲ್ಲೇ ಇದೆಯಾ? ನಾಲ್ಕರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಅವತ್ತು ದಡದಲ್ಲಿ ಕೂತು ಬಂಗುಡೆ ಫ್ರೈ ತಿನ್ನಿ, ನನ್ನಂಥ ಸಸ್ಯಾಹಾರಿಗಳು ಎಳನೀರು ಕುಡೀರಿ. ಸಮುದ್ರ ಎಲ್ಲೂ ಓಡಿ ಹೋಗಲ್ಲ. ಹತ್ತು ಜನ ಹೀಗೆ ಕೇಳಿ ವಾಪಸ್ ನಡೆದರೆ ಹನ್ನೊಂದನೆಯವನಿಗೆ ದೋಣಿಯಲ್ಲಿ ಎಸ್‌ಎಂಬಿ ಕಾದಿರುತ್ತೆ, ಬೇಕಿದ್ದರೆ ಬರೆದು ಕೊಡ್ತೀನಿ.

ಇಷ್ಟಾದ ಮೇಲೂ "ಆಪ್ಷನಲ್" ಅನ್ನೋರಿದ್ದರೆ ಹೇಳಿ, ಜಗಳಕ್ಕೆ ನಾನು ರೆಡಿ. ಏನಂತೀರಿ?